ಮರಳಿ ತಿರುಗುವ ಮನಸ್ಸು: ಬ್ರದರ್ ಲಾರೆನ್ಸರ ಅಡುಗೆಮನೆ ಮತ್ತು ಕ್ರಿಸ್ತರ ಸಂಗಾತ



ದಿನದಿನದ ಬದುಕಿನಲ್ಲಿ ಕ್ರಿಸ್ತರಿಗೆ ಹತ್ತಿರವಾಗಿರುವುದು ಹೇಗೆ ಎಂಬುದು ಈ ವರ್ಷದ ದತ್ತಿ ಉಪನ್ಯಾಸಕ್ಕೆ ನೀವು ಆರಿಸಿದ ವಿಷಯ. ಇದರ ಬಗ್ಗೆ ನಾವು ಕೇಳದ ಬುದ್ಧಿಮಾತು ಉಳಿದಿಲ್ಲ. ಬೆಳಿಗ್ಗೆ ಬೈಬಲ್ ಓದಬೇಕು, ಸಂಜೆಯ ಕುಟುಂಬ ಪ್ರಾರ್ಥನೆ ತಪ್ಪಿಸಬಾರದು, ಭಾನುವಾರ ದೇವಾಲಯಕ್ಕೆ ಬರಬೇಕು. ಎಲ್ಲವೂ ನಿಜ, ಎಲ್ಲವೂ ಬೇಕಾದದ್ದೇ. ಆದರೆ ಇವೆಲ್ಲವನ್ನೂ ಚಾಚೂ ತಪ್ಪದೆ ಮಾಡುವವರ ಬಾಯಲ್ಲೇ ಒಂದು ಸಂಕಟದ ಮಾತು ಮತ್ತೆ ಮತ್ತೆ ಬರುತ್ತದೆ. ಧ್ಯಾನಕೂಟದಲ್ಲಿ ಮೂರು ದಿನ ಕಣ್ಣು ತುಂಬಿಬಂತು, ಸೋಮವಾರ ಬಸ್ಸು ಹತ್ತಿ ಕೆಲಸಕ್ಕೆ ಹೋದ ಮೇಲೆ ಒಂದೂ ಉಳಿಯಲಿಲ್ಲ. ನಾನೇ ದೂರವಾದೆನೋ, ಕ್ರಿಸ್ತರೇ ಕೈಬಿಟ್ಟರೋ ಗೊತ್ತಾಗುತ್ತಿಲ್ಲ. ಈ ಸೋಮವಾರದ ಸಂಕಟವನ್ನೇ ಇಂದು ಎತ್ತಿಕೊಂಡಿದ್ದೇನೆ. ಅದಕ್ಕೆ ಬರಿಯ ತತ್ವ ಹೇಳಿ ಮುಗಿಸುವ ಬದಲು, ಸೋಮವಾರಗಳಲ್ಲೇ ಬಾಳಿದ ಒಬ್ಬ ಮನುಷ್ಯನ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ಫ್ರಾನ್ಸಿನ ಪೂರ್ವಕ್ಕಿರುವ ಲೊರೇನ್ ಸೀಮೆಯ ಎರಿಮೆನಿಲ್ ಎಂಬ ಹಳ್ಳಿಯಲ್ಲಿ, 1614ರ ಸುಮಾರಿಗೆ ನಿಕೊಲಾ ಎರ್ಮಾನ್ ಹುಟ್ಟಿದರು. ಬಡವರ ಮನೆ, ಓದು ಹೆಚ್ಚಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಒಂದು ಚಳಿಗಾಲದ ದಿನ ಎಲೆಯೆಲ್ಲ ಉದುರಿ ಬೋಳಾದ ಮರವೊಂದು ಅವರ ಕಣ್ಣಿಗೆ ಬಿತ್ತು. ಇನ್ನು ಸ್ವಲ್ಪ ದಿನಕ್ಕೆ ಇದೇ ಕೊಂಬೆಗಳಲ್ಲಿ ಚಿಗುರು ಬರುತ್ತದೆ, ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆ ಎಂದು ಯೋಚಿಸುತ್ತ ನಿಂತವರಿಗೆ ದೇವರ ಪರಾಮರಿಕೆಯ ಅರಿವು ಎದೆಗೆ ಇಳಿಯಿತು. ಆ ಅರಿವು ಮುಂದೆಂದೂ ಆರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಹಾಗೆಂದು ಮರುದಿನವೇ ಅವರು ಮಠ ಸೇರಲಿಲ್ಲ. ಆಗ ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ನಡೆದಿತ್ತು. ನಿಕೊಲಾ ಸಿಪಾಯಿಯಾದರು. ಶತ್ರುಗಳ ಕೈಗೆ ಸಿಕ್ಕಿ, ಗೂಢಚಾರನೆಂಬ ಗುಮಾನಿಗೆ ಗುರಿಯಾಗಿ, ನೇಣಿನ ಬೆದರಿಕೆ ಎದುರಿಸಿ ಪಾರಾದರು. ಬಳಿಕ ಕಾಲಿಗೆ ಪೆಟ್ಟು ಬಿತ್ತು. ಆ ಕುಂಟು ಸಾಯುವ ತನಕ ಜೊತೆಗಿತ್ತು. ಸೈನ್ಯ ಬಿಟ್ಟ ಮೇಲೆ ಪ್ಯಾರಿಸ್ಸಿನ ಒಬ್ಬ ದೊಡ್ಡ ಅಧಿಕಾರಿಯ ಮನೆಯಲ್ಲಿ ಆಳಾಗಿ ದುಡಿದರು. ಮುಟ್ಟಿದ್ದನ್ನೆಲ್ಲ ಒಡೆದುಹಾಕುವ ಒರಟ ತಾನೆಂದು ಆ ದಿನಗಳನ್ನು ಮುಂದೆ ನೆನೆಯುತ್ತಿದ್ದರು.

1640ರಲ್ಲಿ ಅವರು ಪ್ಯಾರಿಸ್ಸಿನ ವೋಜಿರಾರ್ ಬೀದಿಯಲ್ಲಿದ್ದ ಕಾರ್ಮೆಲ್ ಸಭೆಯ ಮಠಕ್ಕೆ ಸೇರಿದರು. ಗುರುಪಟ್ಟಕ್ಕೆ ಬೇಕಾದ ಲ್ಯಾಟಿನ್ ಇಲ್ಲ, ವಿದ್ಯೆಯಿಲ್ಲ. ಹಾಗಾಗಿ ಮೈಬಗ್ಗಿಸಿ ದುಡಿಯುವ ಸೋದರರ ಸಾಲಿನಲ್ಲಿ ಅವರಿಗೆ ಜಾಗ ಸಿಕ್ಕಿತು. ಪುನರುತ್ಥಾನದ ಲಾರೆನ್ಸ್ ಎಂದು ಹೆಸರಿಟ್ಟರು. 1642ರಲ್ಲಿ ಅಂತಿಮ ವ್ರತಗಳನ್ನು ಸ್ವೀಕರಿಸಿದರು. ಅವರ ಪಾಲಿಗೆ ಬಂದದ್ದು ಅಡುಗೆಮನೆ. ಬೆಳೆಯುತ್ತಿದ್ದ ಮಠ ಅದು. ಅಷ್ಟೂ ಜನಕ್ಕೆ ಬೇಯಿಸುವ ಕೆಲಸ, ಹಂಡೆ ಉಜ್ಜುವ ಕೆಲಸ, ಏಕಕಾಲಕ್ಕೆ ನಾಲ್ಕು ಕಡೆಯಿಂದ ಬರುವ ಕೂಗು. ಸುಮಾರು ಹದಿನೈದು ವರ್ಷ ಅದರಲ್ಲೇ ಕಳೆಯಿತು. ಕಾಲಿನ ಹುಣ್ಣು ಕೆರಳಿ ನಿಲ್ಲುವುದು ಕಷ್ಟವಾದಾಗ ಮಠದವರ ಚಪ್ಪಲಿ ಹೊಲಿಯುವ ಕೋಣೆಗೆ ಅವರನ್ನು ಹಾಕಿದರು. ಮಧ್ಯೆ ಬರ್ಗಂಡಿಗೂ ಓವರ್ನ್ಯ್ ಸೀಮೆಗೂ ಮಠಕ್ಕೆ ಬೇಕಾದ ದ್ರಾಕ್ಷಾರಸ ಕೊಂಡುತರಲು ಕಳಿಸಿದ್ದುಂಟು. ವ್ಯಾಪಾರ ತಿಳಿಯದು, ಕಾಲು ನೆಟ್ಟಗಿಲ್ಲ. ದೋಣಿಯಲ್ಲಿ ಪೀಪಾಯಿಗಳ ಮೇಲೆ ಮೈಯುರುಳಿಸಿಕೊಂಡೇ ಆಚೀಚೆ ಹೋಗಬೇಕಿತ್ತು. ಇದು ನಿನ್ನದೇ ಕೆಲಸ ಎಂದು ದೇವರಿಗೆ ಹೇಳಿ ಹೊರಟರಂತೆ, ವ್ಯಾಪಾರ ಕೆಡಲಿಲ್ಲ. 1691ರ ಫೆಬ್ರವರಿ 12ರಂದು ತೀರಿಕೊಂಡರು. ಐವತ್ತು ವರ್ಷದ ಮಠವಾಸದಲ್ಲಿ ಹೊರಗಿನವರ ಕಣ್ಣಿಗೆ ಕಾಣುವಂಥದ್ದು ಇಷ್ಟೇ.

ಇಲ್ಲೊಂದು ವಿವರವನ್ನು ನಾವು ದಾಟಿ ಹೋಗಬಾರದು. ಲಾರೆನ್ಸರಿಗೆ ಅಡುಗೆ ಕೆಲಸ ಸುತರಾಂ ಇಷ್ಟವಿರಲಿಲ್ಲ. ಇದನ್ನು ಅವರು ಮುಚ್ಚಿಡಲಿಲ್ಲ. ಅವರ ಬಗ್ಗೆ ಬರೆಯುವವರು ಬಾಣಲೆ, ಸೌಟು, ಬೆಚ್ಚನೆಯ ಒಲೆ ಎಂದು ಚಂದದ ಚಿತ್ರ ಬಿಡಿಸಿಬಿಡುತ್ತಾರೆ. ಆ ಚಿತ್ರದಿಂದ ನಮಗೆ ಉಪಕಾರವಿಲ್ಲ. ಇಷ್ಟವಾದ ಕೆಲಸದಲ್ಲಿ ದೇವರನ್ನು ನೆನೆಯುವುದು ದೊಡ್ಡ ಮಾತಲ್ಲ. ಗಾರ್ಮೆಂಟ್ಸಿನಲ್ಲಿ ಗಂಟೆಗಿಷ್ಟು ಪೀಸು ಎಂದು ಹೊಲಿಯುವ ತಂಗಿಗೆ, ರಾತ್ರಿ ಪಾಳಿಯಲ್ಲಿ ವಾರ್ಡಿನಿಂದ ವಾರ್ಡಿಗೆ ಓಡುವ ನರ್ಸಿಗೆ, ಮೇಲಧಿಕಾರಿಯ ಬೈಗುಳ ನುಂಗಿ ಕೂರುವ ಗುಮಾಸ್ತನಿಗೆ ಕೆಲಸವೇ ಆನಂದ ಎಂದು ಉಪದೇಶಿಸಲು ನಮಗೆ ಹಕ್ಕಿಲ್ಲ. ಲಾರೆನ್ಸರು ಹಾಗೆ ಉಪದೇಶಿಸಲೂ ಇಲ್ಲ. ಬೇಡದ ಕೆಲಸದ ನಡುವೆ ನಿಂತು ಅವರು ಬೇರೊಂದನ್ನು ಕಲಿತರು.

ಅದೇನು? ಕೆಲಸಕ್ಕೆ ಕೈಹಾಕುವ ಮುನ್ನ, ಇದನ್ನು ನಿನ್ನ ಜೊತೆಗಿದ್ದುಕೊಂಡೇ ಮಾಡುವ ಕೃಪೆ ಕೊಡು ಎಂದು ಒಂದು ಮಾತು. ಕೆಲಸದ ನಡುವೆ, ಮನಸ್ಸು ಬಿಡುವಾದಾಗೆಲ್ಲ, ಪಕ್ಕದಲ್ಲಿರುವವರ ಕಡೆ ಒಮ್ಮೆ ತಿರುಗುವಂತೆ ದೇವರ ಕಡೆಗೊಂದು ತಿರುಗು. ಮುಗಿದ ಮೇಲೆ ಹೇಗಾಯಿತೆಂದು ನೋಡಿಕೊಳ್ಳುವುದು. ಚೆನ್ನಾಗಿದ್ದರೆ ಕೃತಜ್ಞತೆ. ಕೆಟ್ಟಿದ್ದರೆ ಕ್ಷಮೆ ಕೇಳಿ, ಅಲ್ಲೇ ಕುಸಿದು ಕೂರದೆ, ಮತ್ತೆ ಜೊತೆಗೂಡುವುದು. ಬಾಣಲೆಯಲ್ಲಿ ಮೊಟ್ಟೆಯ ದೋಸೆ ಮಗುಚಿಹಾಕುವುದನ್ನೂ ದೇವರ ಮೇಲಿನ ಪ್ರೀತಿಗಾಗಿ ಮಾಡುತ್ತೇನೆ, ನೆಲದ ಮೇಲಿನ ಒಂದು ಹುಲ್ಲುಕಡ್ಡಿ ಎತ್ತುವುದಾದರೂ ಅವರಿಗಾಗಿಯೇ ಎತ್ತುತ್ತೇನೆ ಎಂಬ ಅರ್ಥದ ಮಾತುಗಳನ್ನು ಅವರು ಆಡಿದ್ದಾರೆ. ಸೈನ್ಯದಲ್ಲಿದ್ದ ಒಬ್ಬರಿಗಾಗಿ ಬರೆದ ಕಾಗದದಲ್ಲಿ, ಕತ್ತಿ ಹಿಡಿದು ನಡೆಯುತ್ತಿರುವಾಗಲೂ ಹೃದಯವನ್ನು ಚಣಕಾಲ ಮೇಲೆತ್ತಿದರೆ ಸಾಕು, ಎಷ್ಟೇ ಚಿಕ್ಕದಾದರೂ ಅದು ದೇವರಿಗೆ ಮೆಚ್ಚುಗೆ ಎಂದು ಧೈರ್ಯ ಹೇಳಿದ್ದಾರೆ. ಅದನ್ನು ಬರೆದವರು ತಾವೇ ಯುದ್ಧ ಕಂಡಿದ್ದ ಸಿಪಾಯಿ ಎಂಬುದು ನೆನಪಿರಲಿ.

ಈ ಕ್ರಮದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಕೊನೆಯದು, ತಪ್ಪಿದ ಮೇಲೆ ಮರಳುವ ರೀತಿ. ನಮ್ಮಲ್ಲಿ ಹೆಚ್ಚಿನವರು ಕ್ರಿಸ್ತರಿಂದ ದೂರವಾಗುವುದು ಮರೆತದ್ದರಿಂದಲ್ಲ, ಮರೆತೆನಲ್ಲಾ ಎಂಬ ನಾಚಿಕೆಯಿಂದ. ಬೆಳಿಗ್ಗೆ ಪ್ರಾರ್ಥಿಸಲಿಲ್ಲ, ಇನ್ನು ಇಡೀ ದಿನ ಹಾಳು. ಮನೆಯವರ ಮೇಲೆ ರೇಗಿದೆ, ಇನ್ನು ಯಾವ ಮುಖ ಇಟ್ಟುಕೊಂಡು ಜಪಸರ ಹಿಡಿಯಲಿ. ವರ್ಷವಾಯಿತು ಪಾಪನಿವೇದನೆ ಮಾಡಿ, ಈಗ ಹೋದರೆ ಗುರುಗಳು ಏನೆಂದಾರು. ಹೀಗೆ ಒಂದು ಗಂಟೆಯ ಮರೆವನ್ನು ನಾವೇ ಒಂದು ವರ್ಷದ ದೂರವಾಗಿ ಬೆಳೆಸುತ್ತೇವೆ. ಲಾರೆನ್ಸರು ತಪ್ಪಿದಾಗ ಮಾಡುತ್ತಿದ್ದುದು ತೀರ ಸರಳ: ನನ್ನ ಪಾಡಿಗೆ ನನ್ನನ್ನು ಬಿಟ್ಟರೆ ನಾನು ಹೀಗೆಯೇ, ನೀನೇ ಹಿಡಿಯಬೇಕು ಎಂದು ಒಪ್ಪಿಕೊಂಡು, ಅದರ ಬಗ್ಗೆ ಮುಂದೆ ತಲೆ ಕೆಡಿಸಿಕೊಳ್ಳದೆ ಕೆಲಸಕ್ಕೆ ಮರಳುತ್ತಿದ್ದರು. ಇದು ಪಾಪವನ್ನು ಹಗುರವಾಗಿ ಕಾಣುವುದಲ್ಲ. ಮೂರು ಸಲ ಅಲ್ಲಗಳೆದ ಪೇತ್ರನಿಗೆ ಪುನರುತ್ಥಾನದ ಬಳಿಕ ಯೇಸುಸ್ವಾಮಿ ಮಾಡಿದ್ದೇನು? ಕೆರೆಯ ದಡದಲ್ಲಿ ಕೆಂಡ ಹೊತ್ತಿಸಿ, ಮೀನು ರೊಟ್ಟಿ ಇಟ್ಟು, ಬಂದು ಉಣ್ಣಿರೆಂದು ಕರೆದರು. ವಿಚಾರಿಸಿಕೊಂಡದ್ದು ಊಟವಾದ ಮೇಲೆ. ಅದೂ ಪ್ರೀತಿಯಿದೆಯೇ ಎಂದು ಮಾತ್ರ. ಮರಳಿದವನನ್ನು ಹೀಗೆ ಕೂರಿಸಿಕೊಳ್ಳುವವರ ಬಳಿಗೆ ಮರಳಲು ನಾಚಿಕೆಪಡುವುದೇ ಅವರನ್ನು ಅರಿಯದಿರುವುದು.

ಇಷ್ಟು ಕೇಳಿದರೆ ಲಾರೆನ್ಸರದು ಹೂವಿನ ದಾರಿ ಅನ್ನಿಸಬಹುದು. ನಿಜ ಸಂಗತಿ ಹಾಗಿಲ್ಲ. ಮಠ ಸೇರಿದ ಮೊದಲ ಹತ್ತು ವರ್ಷ ಅವರು ಒಳಗೊಳಗೇ ಬೆಂದರು. ಹಳೆಯ ಪಾಪಗಳ ನೆನಪು, ತಾನು ಬಯಸಿದಂತೆ ದೇವರವನಾಗಲಿಲ್ಲವೆಂಬ ಕೊರಗು, ತನ್ನನ್ನು ತಾನೇ ಮೋಸಗೊಳಿಸಿಕೊಳ್ಳುತ್ತಿದ್ದೇನೋ ಎಂಬ ಭಯ. ಅದರಲ್ಲಿ ನಾಲ್ಕು ವರ್ಷ, ತನಗೆ ನರಕವೇ ಗತಿ, ಲೋಕದ ಯಾರು ಬಂದು ಹೇಳಿದರೂ ಇದು ಸುಳ್ಳಾಗದು ಎಂದೇ ನಂಬಿ ಬಿಟ್ಟಿದ್ದರು. ಆಗಲೂ ಅವರು ಅಡುಗೆ ಮಾಡುತ್ತಿದ್ದರು, ಆಗಲೂ ಗಂಟೆ ಬಾರಿಸಿದಾಗ ಪ್ರಾರ್ಥನೆಗೆ ಹೋಗುತ್ತಿದ್ದರು. ಕೊನೆಗೆ, ಮುಂದೆ ನನ್ನ ಗತಿ ಏನೇ ಆಗಲಿ, ಬದುಕಿರುವಷ್ಟು ದಿನ ದೇವರ ಪ್ರೀತಿಗಾಗಿ ಮಾಡಬಹುದಾದ್ದನ್ನು ಮಾಡುತ್ತೇನೆ ಎಂಬ ನಿರ್ಧಾರಕ್ಕೆ ಬಂದರು. ಪೂರ್ತಿ ಜೀವನ ಹೀಗೇ ಕಳೆಯಬೇಕೇನೋ ಎಂದು ಮನಸ್ಸು ಗಟ್ಟಿಮಾಡಿಕೊಂಡ ಮೇಲೆಯೇ ಆ ಭಾರ ಇಳಿಯಿತಂತೆ.

ಹತ್ತು ವರ್ಷ ಎಂಬುದನ್ನು ನಮ್ಮ ಯುವಜನರಿಗೆ ಬಿಡಿಸಿ ಹೇಳಬೇಕು. ಹಾಡು, ಮೈಕು, ಕೈಯೆತ್ತಿ ಸ್ತುತಿ, ಸಾಕ್ಷಿಗಳ ನಡುವೆ ಬೆಳೆದ ಮಕ್ಕಳು, ಎದೆ ತುಂಬಿ ಬಂದರೆ ಕ್ರಿಸ್ತರು ಬಂದರು, ಎದೆ ಒಣಗಿದರೆ ಅವರು ಹೋದರು ಎಂದು ಲೆಕ್ಕ ಹಾಕುವುದನ್ನು ಕಲಿಯುತ್ತಿದ್ದಾರೆ. ಭಾವ ತುಂಬುವುದು ವರವೇ, ಅದನ್ನು ನಾನು ಕೀಳಾಗಿ ಕಾಣಲಾರೆ. ಆದರೆ ಸಾಮೀಪ್ಯವನ್ನು ಅದರಿಂದಲೇ ಅಳೆಯುವುದಾದರೆ ಗೆತ್ಸೆಮನೆ ತೋಟದ ಯೇಸುಸ್ವಾಮಿಯನ್ನು ಏನೆನ್ನುತ್ತೀರಿ? ಶಿಲುಬೆಯ ಮೇಲೆ ಕೈಬಿಟ್ಟೆಯೇಕೆ ಎಂದು ಕೂಗಿದವರನ್ನು ತಂದೆಯಿಂದ ದೂರವಾದವರೆನ್ನುತ್ತೀರಾ?

ಮನಸ್ಸು ಅಲೆಯುವುದರ ಬಗ್ಗೆಯೂ ಲಾರೆನ್ಸರಲ್ಲಿ ಒಂದು ಒಳ್ಳೆಯ ಮಾತಿದೆ. ಪ್ರಾರ್ಥನೆಯಲ್ಲಿ ಚಿತ್ತ ನಿಲ್ಲದೆಂದು ಕೊರಗಿದವರಿಗೆ ಅವರು ಬರೆದದ್ದು: ಸಿರಿವಂತನ ಬಾಗಿಲಲ್ಲಿ ಕೂತ ಮೂಕ, ಹೆಳವ ಭಿಕ್ಷುಕನಂತೆ ದೇವರ ಮುಂದೆ ಸುಮ್ಮನೆ ಇರಿ. ಬಹಳ ಮಾತಾಡುವುದು ಬೇಡ, ಮನಸ್ಸನ್ನು ಬಡಿದು ಹಿಡಿಯುವುದೂ ಬೇಡ. ಹೋದಾಗ ಮೆಲ್ಲಗೆ ಕರೆತನ್ನಿ. ಹಗಲೆಲ್ಲ ಅದನ್ನು ಹರಿಯಬಿಟ್ಟು ಸಂಜೆ ಅರ್ಧ ಗಂಟೆ ನಿಲ್ಲು ಎಂದರೆ ನಿಲ್ಲುವುದಿಲ್ಲ, ಹಗಲಿನಲ್ಲೂ ಆಗಾಗ ಕರೆದು ರೂಢಿ ಮಾಡಿದ್ದರೆ ಸಂಜೆ ಸುಲಭ ಎಂಬುದು ಅವರ ಅನುಭವ. ಕೈಯಲ್ಲಿ ಫೋನು ಹಿಡಿದೇ ಏಳುವ, ಫೋನು ಹಿಡಿದೇ ಮಲಗುವ ನಮಗೆ ಇದಕ್ಕಿಂತ ಉಪಯುಕ್ತವಾದ ಸಲಹೆ ಇನ್ನೊಂದು ಕಾಣೆ.

ಕನ್ನಡದ ಸಭೆಯಲ್ಲಿ ಈ ಕಥೆ ಹೇಳಿದಾಗೆಲ್ಲ ಯಾರಾದರೊಬ್ಬರು, ಇದು ನಮ್ಮ ಶರಣರ ಕಾಯಕ ತತ್ವವೇ ಅಲ್ಲವೇ ಎಂದು ಕೇಳುತ್ತಾರೆ. ಹತ್ತಿರದ ನೆಂಟಸ್ತಿಕೆ ಉಂಟು, ಸಂತೋಷದಿಂದ ಒಪ್ಪುತ್ತೇನೆ. ಹಗ್ಗ ಹೊಸೆಯುವವನನ್ನೂ ಚೆಲ್ಲಿದ ಅಕ್ಕಿ ಆಯುವವರನ್ನೂ ಹನ್ನೆರಡನೆಯ ಶತಮಾನದಲ್ಲೇ ಗುರುಗಳ ಸಾಲಿನಲ್ಲಿ ಕೂರಿಸಿದ ನಾಡಿನವರಿಗೆ ಲಾರೆನ್ಸರನ್ನು ಅರಿಯುವುದು ಪ್ಯಾರಿಸ್ಸಿನವರಿಗಿಂತ ಸುಲಭ. ಆದರೂ ಒಂದು ವ್ಯತ್ಯಾಸ ಇದೆ. ಹಗ್ಗ ಹೊಸೆಯುವ ಆ ನುಲಿಯ ಚಂದಯ್ಯನ ಕಥೆಯಲ್ಲಿ ಲಿಂಗ ಕೆರೆಗೆ ಜಾರಿಬಿದ್ದರೂ ಅವನು ಕಾಯಕ ಬಿಡುವುದಿಲ್ಲ. ಕಾಯಕವೇ ಅಲ್ಲಿ ಪೂಜೆ. ಲಾರೆನ್ಸರಿಗೆ ಅಡುಗೆ ಪೂಜೆಯಾಗಿರಲಿಲ್ಲ. ಅಡುಗೆಯ ನಡುವೆ ಸಿಕ್ಕ ಸಂಗಾತವೇ ಎಲ್ಲ. ನಾಳೆ ಸೌಟು ಕಿತ್ತುಕೊಂಡು ಚಪ್ಪಲಿಯ ದಬ್ಬಳ ಕೊಟ್ಟರೆ ಅದೂ ಸರಿ, ಏನೂ ಕೊಡದೆ ಹಾಸಿಗೆಯಲ್ಲಿ ಮಲಗಿಸಿದರೆ ಅದೂ ಸರಿ. ಕೆಲಸ ಕಳಕೊಂಡವರು, ಹಾಸಿಗೆ ಹಿಡಿದವರು, ನಿವೃತ್ತರು, ದುಡಿಯಲಾರದ ಮುದುಕರು ನಮ್ಮ ಸಭೆಗಳಲ್ಲಿದ್ದಾರೆ. ಅವರಿಗೆ ಈ ವ್ಯತ್ಯಾಸ ತಿಳಿಯುವುದು ಬಹಳ ಮುಖ್ಯ.

ಲಾರೆನ್ಸರನ್ನು ಎಚ್ಚರದಿಂದ ಓದಿದವರು ಇನ್ನೊಂದು ಪ್ರಶ್ನೆ ಎತ್ತಬಹುದು. ಅವರು ಮಾತಾಡುವುದು ಹೆಚ್ಚಾಗಿ ದೇವರ ಸಾನ್ನಿಧ್ಯದ ಬಗ್ಗೆ. ಸುವಾರ್ತೆಗಳ ಯೇಸು, ಧೂಳು ಮೆತ್ತಿದ ಕಾಲಿನ, ಮನುಷ್ಯರ ನಡುವೆ ಓಡಾಡಿದ ಆ ಯೇಸು ಅಲ್ಲಿ ಎದ್ದು ಕಾಣುವುದಿಲ್ಲ. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಅವರ ಸಭೆಯ ತಾಯಿಯ ಬಳಿಯಲ್ಲಿದೆ. ಕಾರ್ಮೆಲ್ ಸಭೆಯನ್ನು ಸುಧಾರಿಸಿದ ಸ್ಪೇನಿನ ಆವಿಲದ ತೆರೇಸಾ, 1515ರಲ್ಲಿ ಹುಟ್ಟಿ 1582ರಲ್ಲಿ ತೀರಿಕೊಂಡವರು, ಈ ವಿಷಯದಲ್ಲಿ ಹಟ ಹಿಡಿದು ವಾದಿಸಿದ್ದಾರೆ. ಧ್ಯಾನದಲ್ಲಿ ಮೇಲೆ ಮೇಲೆ ಹೋದಂತೆ ಕ್ರಿಸ್ತರ ಮನುಷ್ಯ ರೂಪವನ್ನು ಬಿಟ್ಟು ನಿರಾಕಾರದ ಕಡೆಗೆ ಹೋಗಬೇಕು ಎಂದು ಅಂದಿನ ಕೆಲವು ಪಂಡಿತರು ಬೋಧಿಸುತ್ತಿದ್ದರು. ತೆರೇಸಾ ಒಪ್ಪಲಿಲ್ಲ. ಒಮ್ಮೆ ತಾವೂ ಆ ಬೋಧನೆಗೆ ಮರುಳಾಗಿದ್ದನ್ನು ನೆನೆದು ನೋಯುತ್ತ, ಎಷ್ಟೇ ಎತ್ತರಕ್ಕೆ ಏರಿದವರಿಗೂ ಯೇಸುವಿನ ಮನುಷ್ಯತ್ವವೇ ಬಾಗಿಲು ಎಂದು ಆತ್ಮಕಥೆಯಲ್ಲೂ ಮುಂದಿನ ಕೃತಿಗಳಲ್ಲೂ ಬರೆದರು. ತಮ್ಮ ಸೋದರಿಯರಿಗೆ, ಯೇಸುವನ್ನು ಪಕ್ಕದಲ್ಲಿರುವ ಗೆಳೆಯನಂತೆ ಕಂಡು ಮಾತಾಡಿ, ಅವರ ಪಟವೊಂದನ್ನು ಬಳಿಯಲ್ಲಿಟ್ಟುಕೊಳ್ಳಿ ಎಂದರು. ವಿಧೇಯತೆ ನಿಮ್ಮನ್ನು ಅಡುಗೆಮನೆಗೆ ಕಳಿಸಿದರೆ ಪ್ರಭು ಆ ಪಾತ್ರೆಗಳ ನಡುವೆಯೂ ಇದ್ದಾರೆ ಎಂದು ಧೈರ್ಯ ತುಂಬಿದವರೂ ಅವರೇ. ಲಾರೆನ್ಸರು ನಿಂತದ್ದು ಆ ನೆಲದ ಮೇಲೆ.

ಆದ್ದರಿಂದ ನನ್ನ ಸಲಹೆ: ಸುವಾರ್ತೆಯನ್ನು ಓದದೆ ಬರಿಯ ಸಾನ್ನಿಧ್ಯದ ಅಭ್ಯಾಸಕ್ಕೆ ಇಳಿಯಬೇಡಿ. ಪಕ್ಕದಲ್ಲಿರುವವರು ಯಾರೆಂದು ಗೊತ್ತಿಲ್ಲದಿದ್ದರೆ ಅವರ ಕಡೆ ತಿರುಗಿ ಏನು ಮಾತಾಡುವುದು? ಬಾವಿಯ ಬಳಿ ಬಿಸಿಲಿಗೆ ದಣಿದು ಕೂತು ನೀರು ಕೇಳಿದವರು, ದೋಣಿಯಲ್ಲಿ ತಲೆದಿಂಬಿನ ಮೇಲೆ ಮಲಗಿ ನಿದ್ದೆಹೋದವರು, ಲಾಜರನ ಸಮಾಧಿಯ ಮುಂದೆ ಅತ್ತವರು, ಶಿಷ್ಯರ ಕಾಲು ತೊಳೆದವರು. ಅವರು ಬೋಧನೆಗೆ ಹೊರಟಾಗ ಸುಮಾರು ಮೂವತ್ತು ವರ್ಷದವರೆಂದು ಲೂಕ ಬರೆಯುತ್ತಾನೆ. ಅದಕ್ಕೆ ಮುಂಚಿನ ವರ್ಷಗಳು ನಜರೇತಿನಲ್ಲಿ ಬಡಗಿ ಕೆಲಸದಲ್ಲಿ ಕಳೆದವು. ಊರವರು ಅವರನ್ನು ಗುರುತಿಸಿದ್ದೂ ಬಡಗಿಯೆಂದೇ. ಅಷ್ಟು ವರ್ಷಗಳ ಬಗ್ಗೆ ಸುವಾರ್ತೆಗಳು ಹೇಳುವುದು ಬಹಳ ಕಡಮೆ. ಹೇಳಲು ಹೆಚ್ಚೇನೂ ಇಲ್ಲದ ದಿನಗಳನ್ನು ದೇವಪುತ್ರರೇ ಇಷ್ಟೊಂದು ಬಾಳಿದ್ದಾರೆ ಎಂಬುದು, ಹೇಳಲು ಹೆಚ್ಚೇನೂ ಇಲ್ಲದ ದಿನಗಳನ್ನೇ ಬಾಳುವ ನಮಗೆ ಎಷ್ಟು ದೊಡ್ಡ ಸಮಾಧಾನ!

ಈ ಕಾರ್ಮೆಲ್ ಪರಂಪರೆ ನಮ್ಮ ಕರ್ನಾಟಕದ ಕಡಲ ತೀರಕ್ಕೂ ಬಂದಿತ್ತು. 1870ರ ಕೊನೆಯಲ್ಲಿ ಫ್ರಾನ್ಸಿನ ಪೊ ನಗರದ ಮಠದಿಂದ ಕೆಲವರು ಸನ್ಯಾಸಿನಿಯರು ಮಂಗಳೂರಿಗೆ ತಲುಪಿ ಕಾರ್ಮೆಲ್ ಮಠ ಆರಂಭಿಸಿದರು. ಹಡಗು ಪ್ರಯಾಣ ಅವರಲ್ಲಿ ಮೂವರ ಜೀವ ತೆಗೆದುಕೊಂಡಿತ್ತು. ಉಳಿದು ಬಂದವರಲ್ಲಿ ಮರಿಯಂ ಬವಾರ್ದಿ ಒಬ್ಬರು. ಗಲಿಲೇಯದ ಇಬಿಲ್ಲಿನ್ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿದವರು, ಮೂರು ತುಂಬುವ ಮೊದಲೇ ತಬ್ಬಲಿ. ಹದಿಹರೆಯದಲ್ಲೇ ಅಲೆಕ್ಸಾಂಡ್ರಿಯ, ಜೆರುಸಲೇಮ್, ಬೇರೂತ್, ಮಾರ್ಸೇಯ್ ನಗರಗಳಲ್ಲಿ ಮನೆಗೆಲಸ ಮಾಡಿ ಹೊಟ್ಟೆ ಹೊರೆದವರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತಗಳನ್ನು ಸ್ವೀಕರಿಸಿದರು. 2015ರ ಮೇ 17ರಂದು ಫ್ರಾನ್ಸಿಸ್ ಜಗದ್ಗುರುಗಳು ಸಂತರೆಂದು ಸಾರಿದ ಶಿಲುಬೆಯ ಯೇಸುವಿನ ಮರಿಯಂ ಇವರೇ.

ಮರಿಯಂ ಅವರ ಬಗ್ಗೆ ಜನ ಹೆಚ್ಚಾಗಿ ಆಡಿಕೊಳ್ಳುವುದು ದರ್ಶನಗಳನ್ನು, ಪರವಶತೆಯನ್ನು, ಮೈಮೇಲೆ ಮೂಡಿದ ಪಂಚಗಾಯಗಳನ್ನು. ಮಂಗಳೂರಿನಲ್ಲಿ ಅವರಿಗೆ ಕಷ್ಟ ತಂದದ್ದೂ ಅವೇ. ಅನುಮಾನಗಳೆದ್ದವು, ಮನಸ್ತಾಪಗಳಾದವು, 1872ರಲ್ಲಿ ಅವರು ಪೊ ನಗರಕ್ಕೆ ಹಿಂದಿರುಗಬೇಕಾಯಿತು. ಆ ಅದ್ಭುತಗಳ ತೀರ್ಪು ಧರ್ಮಸಭೆಗೆ ಬಿಟ್ಟದ್ದು. ನನ್ನ ಕಣ್ಣು ಹೋಗುವುದು ಅವರ ಚರಿತ್ರೆಯ ಇನ್ನೊಂದು ಸಾಲಿಗೆ: ಹೊಸ ಮಠದ ಅತಿ ಭಾರದ ಕೆಲಸಗಳನ್ನು ಅವರು ಮೈಮೇಲೆ ಹಾಕಿಕೊಳ್ಳುತ್ತಿದ್ದರು, ಮತ್ತು ಅಡುಗೆಮನೆಯಲ್ಲಿ ದುಡಿಯುವಾಗ ಅವರ ಮುಖ ಬೆಳಗುವುದನ್ನು ಜೊತೆಯವರು ಕಂಡಿದ್ದರು. ಮಂಗಳೂರಿನ ಬೇಸಗೆಯ ಸೆಕೆ, ಸೌದೆ ಒಲೆಯ ಹೊಗೆ, ಅರಿಯದ ಭಾಷೆ, ಪ್ರಯಾಣದಲ್ಲಿ ತೀರಿಕೊಂಡ ಸೋದರಿಯರ ನೆನಪು, ಸುತ್ತ ಅನುಮಾನದ ಕಣ್ಣುಗಳು. ಅಲ್ಲಿ ಬೆಳಗಿದ ಮುಖ ಅದು. ಮುಂದೆ ಬೆತ್ಲೆಹೇಮಿನಲ್ಲಿ ಮಠ ಕಟ್ಟಿಸುತ್ತಿದ್ದಾಗ ಕೆಲಸಗಾರರಿಗೆ ನೀರು ಒಯ್ಯುತ್ತ ಬಿದ್ದು ಕೈ ಮುರಿದುಕೊಂಡರು. ಗಾಯ ಕೊಳೆಯಿತು. 1878ರ ಆಗಸ್ಟ್ 26ರಂದು ತೀರಿಕೊಂಡಾಗ ಅವರಿಗೆ ಮೂವತ್ತೆರಡು ವರ್ಷ. ದರ್ಶನಗಳ ಹೆಂಗಸು ಪ್ರಾಣ ಬಿಟ್ಟದ್ದು ಬಾಯಾರಿದವರಿಗೆ ನೀರು ಒಯ್ದ ದಾರಿಯಲ್ಲಿ. ಹಸಿದವರಿಗೆ, ಬಾಯಾರಿದವರಿಗೆ ಕೊಟ್ಟದ್ದು ನನಗೇ ಕೊಟ್ಟದ್ದು ಎಂದು ಯೇಸುಸ್ವಾಮಿ ಮತ್ತಾಯನ ಸುವಾರ್ತೆಯಲ್ಲಿ ಹೇಳುತ್ತಾರಲ್ಲ, ಸಾಮೀಪ್ಯದ ವಿಷಯದಲ್ಲಿ ಅದಕ್ಕಿಂತ ಖಚಿತವಾದ ವಿಳಾಸ ನಮಗೆ ಸಿಕ್ಕಿಲ್ಲ. ಲಾರೆನ್ಸರಿಗೂ ಮರಿಯಂ ಅವರಿಗೂ ಪಕ್ಕದಲ್ಲಿದ್ದ ಮನುಷ್ಯರು ಧ್ಯಾನಕ್ಕೆ ಅಡ್ಡಿಯಾಗಿರಲಿಲ್ಲ. ಪಕ್ಕದವರ ಮೇಲೆ ಸಿಡುಕುತ್ತ ಕ್ರಿಸ್ತರಿಗೆ ಹತ್ತಿರವಾಗಿದ್ದೇನೆ ಎಂದುಕೊಳ್ಳುವವರನ್ನು ಈ ಇಬ್ಬರೂ ಒಪ್ಪುತ್ತಿರಲಿಲ್ಲ.

ಈಗ ಅಡುಗೆಮನೆಯ ಬಗ್ಗೆ ಒಂದು ಕಟುವಾದ ಮಾತು. ಲಾರೆನ್ಸರ ಹೆಸರು ಹೇಳಿ ಹೆಂಗಸರನ್ನು ಅಡುಗೆಮನೆಯಲ್ಲೇ ಉಳಿಸುವ ಬೋಧನೆಗಳಿವೆ. ಮನೆಯವರೆಲ್ಲ ಪ್ರಾರ್ಥನೆಗೆ ಮೊಣಕಾಲೂರಿದಾಗ ಸಾರು ಉಕ್ಕುತ್ತದೆಂದು ಅಮ್ಮ ಎದ್ದು ಹೋಗುತ್ತಾಳೆ, ಅಲ್ಲಿಂದಲೇ ಜಪಕ್ಕೆ ದನಿಗೂಡಿಸುತ್ತಾಳೆ. ಅಲ್ಲಿದ್ದರೂ ಪ್ರಾರ್ಥನೆಯೇ ತಾನೇ ಎಂದು ಉಳಿದವರು ಸಮಾಧಾನ ಹೇಳುತ್ತಾರೆ. ಆ ತಾಯಿಯ ಪ್ರಾರ್ಥನೆ ದೇವರಿಗೆ ಮುಟ್ಟುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಲಾರೆನ್ಸರ ಮಠದಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮೌನ ಪ್ರಾರ್ಥನೆಗೆ ಮೀಸಲಾಗಿತ್ತು. ಅದು ತೆರೇಸಾ ಹಾಕಿಕೊಟ್ಟ ನಿಯಮ. ತನಗೆ ಪ್ರಾರ್ಥನೆಯ ಹೊತ್ತಿಗೂ ಕೆಲಸದ ಹೊತ್ತಿಗೂ ವ್ಯತ್ಯಾಸವಿಲ್ಲ ಎಂದು ಲಾರೆನ್ಸರು ಹೇಳಿದ್ದು ಆ ಹೊತ್ತುಗಳನ್ನು ವರ್ಷಗಟ್ಟಲೆ ಪಾಲಿಸಿದ ಮೇಲೆ. ನಮ್ಮ ಮನೆಗಳ ತಾಯಂದಿರಿಗೆ ಆ ಎರಡು ಗಂಟೆ ಯಾರು ಕೊಟ್ಟಿದ್ದಾರೆ? ಮಾರ್ತಳ ಮನೆಯಲ್ಲಿ ಯೇಸುಸ್ವಾಮಿ ಪಾದದ ಬಳಿ ಕೂತು ಕೇಳುವ ಪಾಲನ್ನು ಅವಳ ಸೋದರಿ ಮರಿಯಳಿಂದ ಕಸಿಯಬಾರದು ಎಂದರು. ಗಂಡಂದಿರೇ, ಮಕ್ಕಳೇ, ಒಲೆಯ ಮುಂದೆ ನೀವು ಹೋಗಿ ನಿಲ್ಲಿ, ಅವಳು ಬಂದು ಕೂರಲಿ. ಆ ಅರ್ಧ ಗಂಟೆಯಲ್ಲಿ ಲಾರೆನ್ಸರ ಪಾಠ ನಿಮಗೂ ಸಿಗುತ್ತದೆ.

ಲಾರೆನ್ಸರ ಮಾತುಗಳು ಉಳಿದು ಬಂದ ಬಗೆಯನ್ನು ಕೊನೆಯಲ್ಲಿ ಹೇಳಬೇಕು. ಅವರು ಪುಸ್ತಕ ಬರೆದು ಪ್ರಕಟಿಸಿದವರಲ್ಲ. 1666ರ ಆಗಸ್ಟ್ 3ರಂದು ಜೋಸೆಫ್ ದ ಬೋಫೋರ್ ಎಂಬ ಯಾಜಕರು ಈ ಕುಂಟು ಸೋದರನನ್ನು ಕಾಣಲು ಬಂದರು. ಮುಂದೆ ಕಾರ್ಡಿನಲ್ ದ ನೋವಾಯ್ ಅವರಿಗೆ ಬಲಗೈಯಾಗಿ ದೊಡ್ಡ ಹುದ್ದೆ ನೋಡಿಕೊಂಡವರು ಈ ಬೋಫೋರ್. 1667ರ ನವೆಂಬರಿನ ತನಕ ನಾಲ್ಕು ಸಲ ಕೂತು ಮಾತಾಡಿಸಿ, ಕೇಳಿದ್ದನ್ನು ಬರೆದಿಟ್ಟುಕೊಂಡರು. ಲಾರೆನ್ಸರು ತೀರಿಕೊಂಡ ಮೇಲೆ ಆ ಟಿಪ್ಪಣಿಗಳನ್ನೂ ಅವರ ಹದಿನಾರು ಕಾಗದಗಳನ್ನೂ ಕೆಲವು ಸೂತ್ರಗಳನ್ನೂ 1692 ಮತ್ತು 1694ರಲ್ಲಿ ಅಚ್ಚು ಹಾಕಿಸಿದರು. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಫೆನೆಲೋನ್ ಮತ್ತು ಬೋಸ್ಯುಯೆ ಎಂಬ ಇಬ್ಬರು ಧರ್ಮಾಧ್ಯಕ್ಷರ ನಡುವೆ ಮೌನ ಪ್ರಾರ್ಥನೆಯ ವಿಷಯದಲ್ಲಿ ದೊಡ್ಡ ಜಗಳ ಎದ್ದಿತು. 1699ರಲ್ಲಿ ಫೆನೆಲೋನರ ಪುಸ್ತಕದ ಕೆಲವು ವಾಕ್ಯಗಳನ್ನು ರೋಮ್ ಖಂಡಿಸಿತು. ಫೆನೆಲೋನ್ ಲಾರೆನ್ಸರನ್ನು ಕಂಡು ಗೌರವಿಸಿದ್ದವರು. ಆ ಗದ್ದಲದಲ್ಲಿ ಲಾರೆನ್ಸರ ಪುಟ್ಟ ಪುಸ್ತಕವೂ ಸ್ವದೇಶದಲ್ಲಿ ಮೂಲೆಗೆ ಸರಿಯಿತು. ಅದನ್ನು ಎತ್ತಿ ಕಾಪಾಡಿದವರು ಪ್ರೊಟೆಸ್ಟಂಟರು. ಮೆಥಡಿಸ್ಟ್ ಸಭೆಯ ಜಾನ್ ವೆಸ್ಲಿ ತಾವು ಹೊರತಂದ ಕ್ರೈಸ್ತ ಗ್ರಂಥಮಾಲೆಯಲ್ಲಿ ಈ ಕ್ಯಾಥೊಲಿಕ್ ಅಡುಗೆಯವರಿಗೆ ಜಾಗ ಕೊಟ್ಟರು. ಇಂದು ಈ ಸಭಾಂಗಣದಲ್ಲಿ ಗುರುಗಳೂ ಸಭಾಪಾಲಕರೂ ಒಟ್ಟಿಗೆ ಕೂತಿರುವುದನ್ನು ಕಂಡಾಗ ನನಗೆ ಆ ಋಣದ ನೆನಪು ಬರುತ್ತದೆ.

ಬೋಫೋರ್ ಅಂದು ಬಾರದೆ ಹೋಗಿದ್ದರೆ ಚಪ್ಪಲಿ ಕೋಣೆಯ ಆ ಸೋದರನ ಹೆಸರು ನಮಗೆ ತಿಳಿಯುತ್ತಲೇ ಇರಲಿಲ್ಲ. ಕನ್ನಡ ಕ್ರೈಸ್ತರ ನಡುವೆ ಇಂಥವರಿಲ್ಲ ಎಂದು ನಾನು ನಂಬಲಾರೆ. ಬೆಂಗಳೂರಿನ ಆಸ್ಪತ್ರೆಗಳ ಆಯಾಗಳಲ್ಲಿ, ಕಾಫಿ ತೋಟದ ಲೈನ್ ಮನೆಗಳಲ್ಲಿ, ಬೀದರ್, ರಾಯಚೂರು ಕಡೆಯ ಹಳ್ಳಿಗಳ ಕೂಲಿಯವರಲ್ಲಿ, ಕೊಲ್ಲಿ ದೇಶದ ಅಡುಗೆಮನೆಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಹೆಣ್ಣುಮಕ್ಕಳಲ್ಲಿ ಅವರು ಇದ್ದಾರೆ. ಅವರನ್ನು ನಾವು ವೇದಿಕೆಗೆ ಕರೆಯುವುದಿಲ್ಲ, ಅವರಿಗೆ ಬೋಧಿಸುತ್ತೇವೆ. ಕೂತು ಕೇಳಿಸಿಕೊಂಡವರು ಕಡಮೆ. ಈ ದತ್ತಿಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಮುಂದಿನ ಒಂದೆರಡು ವರ್ಷದ ನಿಧಿಯನ್ನು ಉಪನ್ಯಾಸಕ್ಕೆ ಖರ್ಚು ಮಾಡದೆ, ನಾಲ್ಕಾರು ಯುವಜನರನ್ನು ಆರಿಸಿ ಇಂಥವರ ಬಳಿಗೆ ಕಳಿಸಿ. ಹೆಸರು ಹಾಕಬೇಕಾಗಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ಹೋಗಲಿ, ಕೆಲಸಕ್ಕೆ ಅಡ್ಡಿಯಾಗದಿರಲಿ, ಒಂದೇ ಭೇಟಿಗೆ ಮುಗಿಸದಿರಲಿ. ದಣಿದಾಗ ಯಾರೊಡನೆ ಮಾತಾಡುತ್ತೀರಿ, ಏನೆನ್ನುತ್ತೀರಿ, ಮರೆತಾಗ ಹೇಗೆ ಮರಳುತ್ತೀರಿ ಎಂದು ಕೇಳಿ, ಅವರವರ ಊರಿನ ಕನ್ನಡದಲ್ಲೇ ಬರೆದುಕೊಂಡು ಬರಲಿ. ತಿದ್ದುವ, ಅಚ್ಚಿಗೆ ಸಿದ್ಧಪಡಿಸುವ ಕೆಲಸವನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ.